ದಾನದ ಸರಕು, ದಾರಿಯ ಬಾಡಿಗೆ

ಅವಿಭಕ್ತ ಕುಟುಂಬ ಬೇರೆಯಾಗುವಾಗ, ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಾಗ, ಹಿರಿಯರು ಸ್ವರ್ಗಸ್ಥರಾದ ಮೇಲೆ ಅವರ ಕೋಣೆಯನ್ನು ತೆರವು ಮಾಡುವಾಗ, ಗೃಹಸ್ಥರ ಮನೆಯಿಂದ ಬಹಳಷ್ಟು ಸಾಮಾನು ದಾನಕ್ಕೆ ಹೊರಡುತ್ತದೆ. ಮಂಚ, ಕಪಾಟು, ಹಿತ್ತಾಳೆಯ ಕೊಳಗ, ಹೊಲಿಗೆ ಯಂತ್ರ, ಒಂದೆರಡು ಗಂಟು ಪುಸ್ತಕ. ವಿದ್ಯಾರ್ಥಿನಿಲಯಕ್ಕೋ ಅನಾಥಾಲಯಕ್ಕೋ ಬಸದಿಯ ಅಡುಗೆಮನೆಗೋ ಇವು ಸೇರಬೇಕಾದರೆ ಟೆಂಪೋ ಬರಬೇಕು, ಹಮಾಲರು ಬರಬೇಕು, ಕೆಲವೊಮ್ಮೆ ಊರಿಂದೂರಿಗೆ ಲಾರಿಯೇ ಬೇಕು. ಆಗ ಮನೆಯ ಯಜಮಾನರು ಟ್ರಸ್ಟಿನ ಕಾರ್ಯಾಲಯದಲ್ಲಿ ಕೇಳುವ ಪ್ರಶ್ನೆಯೊಂದಿದೆ: ಸಾಮಾನಿನ ಬೆಲೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇಲ್ಲವೆಂದರೆ ಬೇಡ, ಈ ಬಾಡಿಗೆಗಾದರೂ ಸಿಗುವುದೇ?

ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಕಾನೂನು ಕೊಡುವ ಉತ್ತರವೂ ಜನ ತಾವಾಗಿ ಕಂಡುಕೊಂಡಿರುವ ಉತ್ತರಗಳೂ ವಿಮರ್ಶೆಗೆ ಯೋಗ್ಯವಾಗಿವೆ.

ಮೊದಲು ಕಾನೂನನ್ನು ನೋಡುವುದು ಉಚಿತ. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮು ಧರ್ಮಾರ್ಥ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ರಿಯಾಯಿತಿ ನೀಡಿತು. ಆದರೆ ದಾನವು ಹಣದ ರೂಪದಲ್ಲಿರದಿದ್ದರೆ ರಿಯಾಯಿತಿ ಇಲ್ಲವೆಂಬ ವಿವರಣೆಯೊಂದನ್ನು 1976ರಿಂದ ಆ ಕಲಮಿಗೆ ಸೇರಿಸಲಾಯಿತು. ಅದಕ್ಕೆ ಮೊದಲಿನ ಕಾಲಕ್ಕೆ ಸಂಬಂಧಿಸಿದ, ಕಂಪನಿಯ ಷೇರುಗಳನ್ನು ದಾನ ಮಾಡಿದ ಪ್ರಕರಣವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಶ್ರೀ ರಾಮವರ್ಮ ಪ್ರಕರಣವೆಂದು 1991ರ ತೆರಿಗೆ ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನಲ್ಲಿಯೂ ಕೊಟ್ಟದ್ದು ಹಣವೇ ಆಗಿರಬೇಕೆಂದು ನ್ಯಾಯಾಲಯ ಹೇಳಿತು. ಷೇರಿನಂತಹ, ಪೇಟೆಯಲ್ಲಿ ನಿತ್ಯವೂ ಬೆಲೆ ಕಟ್ಟಲ್ಪಡುವ ವಸ್ತುವಿಗೇ ಈ ಗತಿಯಾದರೆ ಅಜ್ಜನ ಕಪಾಟಿನ ಮಾತೆಲ್ಲಿ? 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಹಳೆಯದರ ಸ್ಥಾನಕ್ಕೆ ಬರುವಂತೆ ವಿಧಿಸಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಹಣದ ದಾನಕ್ಕೆ ಮಾತ್ರ ರಿಯಾಯಿತಿ ಎಂಬ ನಿಲುವು ಬದಲಾಗಿಲ್ಲ.

ಈ ನಿಲುವಿಗೆ ಆಧಾರವಿಲ್ಲವೆಂದು ಹೇಳಲಾಗದು. ಹಳೆಯ ಸಾಮಾನಿಗೆ ಬೆಲೆ ಕಟ್ಟುವವರು ಯಾರು? ಕೊಟ್ಟವರ ಮಮತೆಯ ಕಣ್ಣಿಗೆ ಅದು ಇಪ್ಪತ್ತು ಸಾವಿರದ ಮಂಚ, ಗುಜರಿಯವನ ತಕ್ಕಡಿಗೆ ಎಂಟುನೂರರ ಮರ. ಇವೆರಡರ ನಡುವೆ ಎಲ್ಲಿ ಬೇಕಾದರೂ ಅಂಕೆ ಬರೆಯಬಹುದಾದಲ್ಲಿ ಬೊಕ್ಕಸಕ್ಕೆ ಮೋಸವಾಗುವುದು ನಿಶ್ಚಿತ. ವ್ಯಾಪಾರದಲ್ಲಿ ದಾಸ್ತಾನಿಗೆ ಬೆಲೆ ಕಟ್ಟಿ ಬಲ್ಲವರಾರೂ ಶಾಸನಕಾರರ ಈ ಭೀತಿಯನ್ನು ಅಲ್ಲಗಳೆಯುವುದಿಲ್ಲ.

ಆದರೆ ಬಾಡಿಗೆಯ ವಿಷಯದಲ್ಲಿ ಈ ಭೀತಿಗೆ ಅವಕಾಶವೆಲ್ಲಿದೆ? ಅದು ಹಣವೇ. ಎಷ್ಟು ಕೊಟ್ಟರೆಂಬುದಕ್ಕೆ ಲಾರಿ ಆಫೀಸಿನ ರಸೀದಿ ಇರುತ್ತದೆ, ಬ್ಯಾಂಕಿನ ಮೂಲಕ ಕೊಟ್ಟರೆ ಪಾಸ್‌ಬುಕ್ಕಿನ ಸಾಕ್ಷಿಯೂ ಇರುತ್ತದೆ. ಸಾಮಾನಿಗೆ ರಿಯಾಯಿತಿ ನಿರಾಕರಿಸಲು ಇರುವ ಕಾರಣವು ಬಾಡಿಗೆಗೆ ಸ್ವಲ್ಪವೂ ಅನ್ವಯಿಸುವುದಿಲ್ಲ, ನಿರಾಕರಣೆ ಮಾತ್ರ ಅನ್ವಯಿಸುತ್ತದೆ. ಏಕೆಂದರೆ ಕಾನೂನು ಹಣ ಹೊರಟ ಕೈಯನ್ನು ನೋಡುವುದಿಲ್ಲ, ಸೇರಿದ ಕೈಯನ್ನು ನೋಡುತ್ತದೆ. ಬಾಡಿಗೆ ಸೇರಿದ್ದು ಲಾರಿಯವನಿಗೆ, ಸಂಸ್ಥೆಗಲ್ಲ. ಆದುದರಿಂದ ಅದು ದಾನವಲ್ಲ.

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ರಜೆಗೆ ಬಂದಾಗ ಅಲ್ಲಿಯ ಪದ್ಧತಿಯನ್ನು ಹೇಳಿ ಇಲ್ಲಿಯ ತಂದೆತಾಯಿಯರಲ್ಲಿ ಆಸೆ ಹುಟ್ಟಿಸುವುದುಂಟು. ಅಲ್ಲಿಯ ಪದ್ಧತಿ ಭಿನ್ನವೆಂಬುದು ನಿಜ. ಬಳಸಿದ ಬಟ್ಟೆಬರೆ, ಪೀಠೋಪಕರಣಗಳ ಪೇಟೆ ಬೆಲೆಗೂ ಅಲ್ಲಿ ರಿಯಾಯಿತಿಯುಂಟು. ಸಂಸ್ಥೆಯ ಸೇವೆಗಾಗಿ ಸ್ವಂತ ಕಾರನ್ನು ಓಡಿಸಿದರೆ ಪೆಟ್ರೋಲಿನ ನಿಜವಾದ ಖರ್ಚನ್ನೋ ಮೈಲಿಗೆ 14 ಸೆಂಟಿನಂತೆಯೋ ಕಳೆಯಬಹುದು, ಸುಂಕದ ಕಟ್ಟೆಯ ಹಣವನ್ನೂ ನಿಲುಗಡೆಯ ಶುಲ್ಕವನ್ನೂ ಅದಕ್ಕೆ ಕೂಡಿಸಬಹುದು. ದಾನದ ಸಾಮಾನನ್ನು ಮುಟ್ಟಿಸಲು ಓಡಿದ ಮೈಲಿಗಳನ್ನೂ ಅನೇಕರು ಇದರಡಿಯಲ್ಲಿಯೇ ತೋರಿಸುತ್ತಾರೆ. ಕೇಳಲು ಇಂಪಾಗಿದೆ. ಆದರೆ ಈ 14 ಸೆಂಟು ಕಾಯಿದೆಯಲ್ಲಿಯೇ ಬರೆದಿಟ್ಟ ದರ, 1998ರಿಂದ ಕದಲಿಲ್ಲ. ವ್ಯಾಪಾರಕ್ಕಾಗಿ ಓಡಿಸಿದ ಅದೇ ಕಾರಿಗೆ 2025ರಲ್ಲಿ ಮೈಲಿಗೆ 70 ಸೆಂಟು ಕೊಟ್ಟಿತು ಅದೇ ಸರ್ಕಾರ. ಲಾಭಕ್ಕಾಗಿ ಹೋದ ಚಕ್ರಕ್ಕೂ ಪರೋಪಕಾರಕ್ಕಾಗಿ ಹೋದ ಚಕ್ರಕ್ಕೂ ಸವೆತ ಒಂದೇ, ದರ ಮಾತ್ರ ಐದು ಪಾಲು ಅಂತರ! ಇದಲ್ಲದೆ ಖರ್ಚುಗಳನ್ನು ಒಂದೊಂದಾಗಿ ವಿವರಿಸಿ ತೋರಿಸುವವರಿಗೆ ಮಾತ್ರ ಈ ಸೌಲಭ್ಯ. 2017ರ ಶಾಸನವು ಎಲ್ಲರಿಗೂ ದೊರೆಯುವ ಸಾಮಾನ್ಯ ಕಡಿತವನ್ನು ಹೆಚ್ಚಿಸಿದ ಮೇಲೆ ಅಲ್ಲಿಯ ಬಹುಪಾಲು ಕುಟುಂಬಗಳು ಹಾಗೆ ವಿವರಿಸಿ ತೋರಿಸುವುದನ್ನೇ ಬಿಟ್ಟಿವೆ.

ಅಲ್ಲಿಂದ ಕಲಿಯಬೇಕಾದ ಸಂಗತಿ ಬೇರೊಂದಿದೆ. ದಾನವಾಗಿ ಕೊಟ್ಟ ಬಟ್ಟೆ ಮತ್ತು ಗೃಹೋಪಯೋಗಿ ವಸ್ತು ಬಳಕೆಗೆ ಯೋಗ್ಯವಾದ ಒಳ್ಳೆಯ ಸ್ಥಿತಿಯಲ್ಲಿರಬೇಕೆಂದು 2006ರಲ್ಲಿ ಅವರು ಕಾನೂನು ಮಾಡಿದರು. ಹರಕು ಹಾಸಿಗೆಗೂ ಮುರುಕು ಕುರ್ಚಿಗೂ ರಿಯಾಯಿತಿ ಕೇಳುವುದು ಮಿತಿಮೀರಿದ್ದೇ ಇದಕ್ಕೆ ಹಿನ್ನೆಲೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಫಲದಲ್ಲಿ ತಾರತಮ್ಯವುಂಟಾಗಲು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷವನ್ನು ಕಾರಣವಾಗಿ ಹೇಳುತ್ತದೆ. ಅಮೆರಿಕದ ಶಾಸನಸಭೆ ಉಮಾಸ್ವಾಮಿಗಳನ್ನು ಓದಿರಲಾರದು, ಆದರೂ ದ್ರವ್ಯವಿಶೇಷವನ್ನು ತೆರಿಗೆ ಕಾನೂನಿಗೆ ತಂದಿತು.

ಈಗ ಮೂಲ ಪ್ರಶ್ನೆಗೆ ಬರುವುದಾದರೆ, ಸಾಮಾನು ಸಂಸ್ಥೆಯದಾಗುವುದು ಯಾವ ಘಳಿಗೆಯಲ್ಲಿ ಎಂಬುದೇ ಇಲ್ಲಿ ನಿರ್ಣಾಯಕ. ಚರವಸ್ತುವಿನ ದಾನವು ನೋಂದಾಯಿತ ಪತ್ರದಿಂದ ಇಲ್ಲವೇ ವಸ್ತುವಿನ ಸ್ವಾಧೀನವನ್ನು ಕೊಡುವುದರಿಂದ ಪೂರ್ಣವಾಗುತ್ತದೆಂದು ಸ್ವತ್ತು ವರ್ಗಾವಣೆ ಕಾಯಿದೆಯ 123ನೆಯ ಕಲಮು ಹೇಳುತ್ತದೆ. ಮಾರಾಟದ ಸರಕನ್ನು ಯಾವ ರೀತಿ ಸ್ವಾಧೀನಕ್ಕೆ ಕೊಡುವರೋ ದಾನದ ಸರಕನ್ನೂ ಅದೇ ರೀತಿ ಕೊಡಬಹುದೆಂಬುದು ಅದರ ಮುಂದಿನ ಮಾತು. ವ್ಯಾಪಾರಿಗಳಿಗೆ ಇದು ಅಂಗೈ ನೆಲ್ಲಿ. ಗೋಡೌನಿನಲ್ಲೇ ಸರಕು ಒಪ್ಪಿಸಿದರೆ ಅಲ್ಲಿಂದ ಮುಂದಿನ ಬಾಡಿಗೆ ಕೊಂಡವರದು. ಅವರ ಅಂಗಡಿಗೆ ಮುಟ್ಟಿಸಿ ಕೊಡುವುದಾಗಿ ಮಾತಾದರೆ ಬಾಡಿಗೆ ಮಾರಿದವರದು. ಲಾರಿ ರಸೀದಿಯ ಮೇಲೆ 'ಪೇಯ್ಡ್' ಎಂದಿದೆಯೋ 'ಟು ಪೇ' ಎಂದಿದೆಯೋ ಎಂದು ನೋಡದೆ ಯಾವ ಗುಮಾಸ್ತನೂ ಸರಕು ಬಿಡಿಸಿಕೊಳ್ಳುವುದಿಲ್ಲ.

ದಾನದಲ್ಲಿಯೂ ಹೀಗೆಯೇ. ಸಂಸ್ಥೆಯ ಪ್ರತಿನಿಧಿ ಮನೆಗೆ ಬಂದು, ಪಟ್ಟಿಯೊಂದಿಗೆ ಸಾಮಾನನ್ನು ತಾಳೆ ನೋಡಿ, ಬೇಕಾದ್ದನ್ನು ಒಪ್ಪಿ ಬೇಡವಾದ್ದನ್ನು ಬಿಟ್ಟು ಸಹಿ ಹಾಕಿದನೆಂದರೆ ದಾನ ಆ ಹೊಸ್ತಿಲಲ್ಲೇ ಪೂರ್ಣವಾಯಿತು. ಅಲ್ಲಿಂದ ಮುಂದೆ ಸಾಗುವುದು ಸಂಸ್ಥೆಯ ಸ್ವತ್ತು, ಬಾಡಿಗೆ ಸಂಸ್ಥೆಯ ಖರ್ಚು. ಆ ಖರ್ಚಿಗೆ ಒದಗುವಂತೆ ಅದೇ ಗೃಹಸ್ಥರು ಸಂಸ್ಥೆಗೆ ಹಣ ಕೊಟ್ಟರೆ ಅದು ಹಣದ ದಾನ. ಸಂಸ್ಥೆಗೆ ಮಾನ್ಯತೆಯಿದ್ದು, ಹಣ ಬ್ಯಾಂಕಿನ ಮೂಲಕ ಸಂದಿದ್ದರೆ ರಿಯಾಯಿತಿಗೆ ಅಡ್ಡಿಯಿಲ್ಲ. ಅದೇ ಗೃಹಸ್ಥರು ತಾವೇ ಟೆಂಪೋ ಕರೆಸಿ ತಾವೇ ಬಾಡಿಗೆ ಕೊಟ್ಟು ಸಾಮಾನನ್ನು ಸಂಸ್ಥೆಯ ಬಾಗಿಲಿಗೆ ಇಳಿಸಿದರೆ ಏನೂ ಇಲ್ಲ. ಟೆಂಪೋ ಒಂದೇ, ದಾರಿ ಒಂದೇ, ರೂಪಾಯಿ ಅಷ್ಟೇ. ಹೆಚ್ಚು ಶ್ರಮಪಟ್ಟು, ಸಂಸ್ಥೆಗೆ ಯಾವ ತೊಂದರೆಯನ್ನೂ ಕೊಡದೆ ದಾನ ಮುಟ್ಟಿಸಿದವರಿಗೆ ಕಾನೂನು ಕಡಿಮೆ ಆದರ ತೋರಿಸುತ್ತದೆಂಬುದೇ ಈ ವ್ಯವಸ್ಥೆಯ ದೊಡ್ಡ ಲೋಪ.

ಆದರೆ ಇದರಲ್ಲಿ ಗೃಹಸ್ಥರು ನಿಜವಾಗಿ ಕಳೆದುಕೊಳ್ಳುವುದೆಷ್ಟು ಎಂಬುದನ್ನು ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ಬಾಡಿಗೆ, ಹಮಾಲಿ ಸೇರಿ 4,500 ರೂಪಾಯಿ ಆಯಿತೆನ್ನೋಣ. ಸಾಮಾನ್ಯ ಧರ್ಮಾರ್ಥ ಸಂಸ್ಥೆಗಳಿಗೆ ಕೊಟ್ಟ ಹಣದಲ್ಲಿ ಅರ್ಧಕ್ಕೆ ಮಾತ್ರ ರಿಯಾಯಿತಿ, ಅಂದರೆ 2,250. ಆದಾಯ ಶೇಕಡಾ 30ರ ಹಂತದಲ್ಲಿರುವವರಿಗೆ ಉಪಕರ ಸೇರಿ ಉಳಿಯುವುದು 702 ರೂಪಾಯಿ, ಶೇಕಡಾ 20ರವರಿಗೆ 468. ಇದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ತಾನಾಗಿ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಇಂತಹ ದಾನಕ್ಕೆ ರಿಯಾಯಿತಿಯೇ ಇಲ್ಲ. 4,500ನ್ನು ಸಂಸ್ಥೆಯ ಮೇಜಿನ ಮೇಲೆ ನಗದಾಗಿ ಇಟ್ಟರೂ ಇಲ್ಲ, ಏಕೆಂದರೆ 2017ರ ಹಣಕಾಸು ಕಾಯಿದೆಯು ನಗದು ದಾನದ ಮಿತಿಯನ್ನು ಹತ್ತು ಸಾವಿರದಿಂದ 2,000ಕ್ಕೆ ಇಳಿಸಿತು. ಏಳುನೂರು ರೂಪಾಯಿಯ ಈ ಪ್ರಶ್ನೆಗಾಗಿ ಲೆಕ್ಕಪರಿಶೋಧಕರ ಬಳಿ ಅರ್ಧ ದಿನ ಕುಳಿತರೆ ಅವರ ಶುಲ್ಕವೇ ಅದಕ್ಕಿಂತ ಹೆಚ್ಚಾದೀತು.

ಬಸದಿಗಳ ಆಡಳಿತ ನೋಡುವವರು ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಬೇಕು. ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಧಾರ್ಮಿಕವಾದ ಉದ್ದೇಶಕ್ಕೂ, ಒಂದೇ ಧರ್ಮದ ಜನರ ಹಿತಕ್ಕೆಂದು ಸ್ಥಾಪಿತವಾದ ಸಂಸ್ಥೆಗೂ 80ಜಿ ಮಾನ್ಯತೆ ದೊರೆಯುತ್ತಿರಲಿಲ್ಲ. ಸರ್ಕಾರ ಅಧಿಸೂಚಿಸಿದ ದೇವಾಲಯಗಳ ಜೀರ್ಣೋದ್ಧಾರಕ್ಕೆ ಕೊಟ್ಟ ಹಣ ಇದಕ್ಕೆ ಹೊರತು. ಆದುದರಿಂದ ಪೂಜೆ ಉತ್ಸವಗಳಿಗಾಗಿ ಇರುವ ಬಸದಿಯ ರಸೀದಿ ಪುಸ್ತಕದಿಂದ ಹರಿದುಕೊಟ್ಟ ಚೀಟಿ ಪುಣ್ಯಕ್ಕೆ ಸಾಕ್ಷಿಯಾದೀತೇ ಹೊರತು ತೆರಿಗೆಗಲ್ಲ. ಬಸದಿಯವರೇ ನಡೆಸುವ ವಿದ್ಯಾರ್ಥಿನಿಲಯಕ್ಕೆ ಪ್ರತ್ಯೇಕ ಟ್ರಸ್ಟು ಇದ್ದು, ಜಾತಿಮತಗಳ ಭೇದವಿಲ್ಲದೆ ಪ್ರವೇಶವಿದ್ದು, ಮಾನ್ಯತೆಯೂ ಇದ್ದರೆ ಆ ಮಾತು ಬೇರೆ. ಎರಡಕ್ಕೂ ಒಬ್ಬರೇ ಕಾರ್ಯದರ್ಶಿಗಳಿರುವಲ್ಲಿ ಎರಡು ರಸೀದಿ ಪುಸ್ತಕಗಳೂ ಒಂದೇ ಖಾನೆಯಲ್ಲಿ ಇರುತ್ತವೆ. ಕೈ ಯಾವುದಕ್ಕೆ ಹೋಗುತ್ತದೆಂಬುದು ಕೇಳುವವರ ಒತ್ತಾಯವನ್ನು ಅವಲಂಬಿಸಬಾರದು.

ಜನರು ತಾವಾಗಿ ಕಂಡುಕೊಂಡಿರುವ ಉತ್ತರಗಳಲ್ಲಿ ಮೊದಲನೆಯದು ವ್ಯಾಪಾರಸ್ಥರದು. ಟೆಂಪೋ ಬಾಡಿಗೆಯನ್ನು ಅಂಗಡಿಯ ಸಾಗಾಣಿಕೆ ವೆಚ್ಚದ ಖಾತೆಗೆ ಹಾಕಿಬಿಡುವುದು. ವರ್ಷಕ್ಕೆ ನೂರಾರು ಲಾರಿ ಬಾಡಿಗೆ ಬರೆಯುವ ಕಿರ್ದಿಯಲ್ಲಿ ಇದೊಂದು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಅರ್ಧಕ್ಕೆ ಬದಲು ಪೂರ್ತಿ ಮೊತ್ತಕ್ಕೆ ಕಡಿತ ದೊರೆಯುತ್ತದೆ, ಸಂಸ್ಥೆಯ ರಸೀದಿಯ ಗೊಡವೆಯೂ ಇಲ್ಲ. ಆದರೆ ಸಂಪೂರ್ಣವಾಗಿ ವ್ಯಾಪಾರಕ್ಕೆಂದೇ ಆದ ಖರ್ಚು ಮಾತ್ರ ವ್ಯಾಪಾರದ ಖರ್ಚು. ಮನೆಯ ಮಂಚ ಅನಾಥಾಲಯಕ್ಕೆ ಹೋದದ್ದು ಮನೆಯ ವ್ಯವಹಾರ. ಎರಡನೆಯ ಉತ್ತರ ಇದಕ್ಕಿಂತ ಗಂಭೀರವಾದುದು. ಸಾಮಾನಿಗೂ ಬಾಡಿಗೆಗೂ ಸೇರಿಸಿ ಒಂದು ಮೊತ್ತ ನಿಗದಿ ಮಾಡಿ, ಹಣ ಬಂದಿತೆಂದು ರಸೀದಿ ಬರೆದುಕೊಡುವಂತೆ ಸಂಸ್ಥೆಯನ್ನು ಕೇಳುವುದು. ಐವತ್ತು ಸಾವಿರವೆಂದು ಬರೆಸಿಕೊಂಡರೆ ಮೇಲಿನ ಹಂತದವರಿಗೆ 7,800 ರೂಪಾಯಿ ಉಳಿತಾಯ. ಬಹುಕಾಲದ ದಾನಿಗಳು, ಸಮಾಜದಲ್ಲಿ ಹಿರಿಯರು, ಇಲ್ಲವೆನ್ನುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ ಎಷ್ಟೋ ಕಾರ್ಯದರ್ಶಿಗಳು ಮಣಿಯುತ್ತಾರೆ. ಅದಕ್ಕೆ ತಾಳೆಯಾಗಿ ಬ್ಯಾಂಕಿನಲ್ಲಿ ಹಣ ಬಂದಿರುವುದಿಲ್ಲ. ಆ ಕೊರತೆಯನ್ನು ಮುಚ್ಚಲು ನಗದು ಎಂದು ಬರೆದರೆ ಎರಡು ಸಾವಿರದ ಮಿತಿ ಅಡ್ಡಬರುತ್ತದೆ. ಅದನ್ನು ದಾಟಲು ಇಪ್ಪತ್ತೈದು ಹೆಸರುಗಳಲ್ಲಿ ಇಪ್ಪತ್ತೈದು ರಸೀದಿ. ಒಂದು ಸುಳ್ಳು ಇಪ್ಪತ್ತೈದಾಗುವ ಕ್ರಮ ಇದು.

2021ರಲ್ಲಿ ತೆರಿಗೆ ಇಲಾಖೆ ತಂದ ವ್ಯವಸ್ಥೆಯಂತೆ ಪ್ರತಿ ದಾನಿಯ ವಿವರವನ್ನು ಸಂಸ್ಥೆಯೇ 10ಬಿಡಿ ಎಂಬ ನಮೂನೆಯಲ್ಲಿ ಒಪ್ಪಿಸಿ, ದಾನಿಗೆ ಪ್ರಮಾಣಪತ್ರ ಕೊಡಬೇಕಾಯಿತು. ಆ ನಮೂನೆಯಲ್ಲಿ ದಾನ ಬಂದ ಬಗೆಯನ್ನು ಹೇಳುವ ಕಡೆ ನಗದು, ಬ್ಯಾಂಕು ಇತ್ಯಾದಿಗಳ ಜೊತೆ ವಸ್ತುರೂಪ ಎಂಬುದಕ್ಕೂ ಸ್ಥಾನ ಕೊಟ್ಟಿದ್ದರು. ವಸ್ತುವಿಗೆ ರಿಯಾಯಿತಿ ಕೊಡದ ಕಾನೂನು ವಸ್ತುವಿನ ಲೆಕ್ಕವನ್ನು ಮಾತ್ರ ಕೇಳಿತು! ಇದರಿಂದ ದಾನಿಗಳಲ್ಲಿ ಭ್ರಮೆ ಹುಟ್ಟಿದ್ದು ಆಶ್ಚರ್ಯವಲ್ಲ. ಪ್ರಮಾಣಪತ್ರ ಬಂದಿದೆ ಎಂದ ಮೇಲೆ ರಿಯಾಯಿತಿಯೂ ಇದೆ ಎಂದು ತಿಳಿದವರು ಹಲವರು. ನಮೂನೆ ರಚಿಸಿದವರು ಒಂದು ಸಾಲಿನ ಸೂಚನೆ ಬರೆದಿದ್ದರೆ ಈ ಗೊಂದಲ ತಪ್ಪುತ್ತಿತ್ತು.

ಶ್ರಾವಕಾಚಾರದ ದೃಷ್ಟಿಯಿಂದ ಮೇಲಿನ ಎರಡು ಉತ್ತರಗಳಿಗೂ ಹೆಸರು ಮೊದಲೇ ಸಿದ್ಧವಾಗಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಇಲ್ಲದ್ದನ್ನು ಉಂಟೆಂದು ಬರೆಯುವುದು ಎಂದು ಅದರ ಅರ್ಥ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು. ಇದನ್ನು ವ್ಯಾಖ್ಯಾನಕಾರರು ಬೇರೆ ಬೇರೆಯಾಗಿ ವಿವರಿಸಿದ್ದಾರಾದರೂ ರಾಜ್ಯಕ್ಕೆ ಸಲ್ಲಬೇಕಾದ ಸುಂಕ ತೆರಿಗೆಗಳನ್ನು ತಪ್ಪಿಸುವುದನ್ನು ಇದರಲ್ಲಿ ಸೇರಿಸುವುದು ಇಂದಿನ ಶ್ರಾವಕಾಚಾರದ ವಿವರಣೆಗಳಲ್ಲಿ ರೂಢಿಯಾಗಿದೆ. ಅಂಗಡಿಯ ಖಾತೆಗೆ ಹಾಕಿದ ಬಾಡಿಗೆಯಲ್ಲಿಯೂ ಹಣವೆಂದು ಬರೆದ ಮಂಚದಲ್ಲಿಯೂ ಈ ಎರಡು ಅತಿಚಾರಗಳು ಕೂಡಿಯೇ ಬರುತ್ತವೆ. ದಾನ ಲೋಭವನ್ನು ಕಳೆಯುವ ಸಾಧನ. ಅದನ್ನೇ ಹಿಡಿದು ಲೋಭ ಒಳಗೆ ಬಂದರೆ ಶ್ರಾವಕನಿಗೆ ಉಳಿದದ್ದೇನು? ಇಲ್ಲಿ ಸಂಸ್ಥೆಯ ಹೊಣೆ ದಾನಿಯ ಹೊಣೆಗಿಂತ ಹೆಚ್ಚಿನದು. ದಾನಿ ತನ್ನ ಲೆಕ್ಕವನ್ನು ಮಾತ್ರ ಕೆಡಿಸಿಕೊಂಡಾನು; ರಸೀದಿ ಬರೆದ ಟ್ರಸ್ಟು ತನ್ನ ಮಾನ್ಯತೆಯನ್ನೇ ಪಣಕ್ಕಿಟ್ಟು, ಪ್ರಾಮಾಣಿಕವಾಗಿ ಹಣ ಕೊಟ್ಟ ನೂರಾರು ಜನರ ರಿಯಾಯಿತಿಯನ್ನೂ ಸಂಶಯಕ್ಕೆ ಈಡುಮಾಡುತ್ತದೆ.

ಬಾಡಿಗೆಗೆ ರಿಯಾಯಿತಿ ಬೇಕೆಂದು ಕೇಳುವವರಿಗಿಂತ ಬಾಡಿಗೆಯನ್ನೇ ಕೊಡದವರ ಸಂಖ್ಯೆ ದೊಡ್ಡದೆಂಬುದನ್ನೂ ಹೇಳದೆ ವಿಮರ್ಶೆ ಪೂರ್ಣವಾಗದು. ಸಾಮಾನು ಕಟ್ಟಿಟ್ಟಿದ್ದೇವೆ, ಬಂದು ಒಯ್ಯಿರಿ ಎಂದು ದೂರವಾಣಿಯಲ್ಲಿ ತಿಳಿಸಿದರೆ ದಾನ ಮುಗಿಯಿತೆಂದು ತಿಳಿಯುವವರಿದ್ದಾರೆ. ಇದು 'ಟು ಪೇ' ದಾನ. ಮೂರು ಸಾವಿರ ಬಾಡಿಗೆ ತೆತ್ತು ತಂದ ಕಪಾಟು ಸಾವಿರಕ್ಕೂ ಬಾಳದಿದ್ದರೆ ಅಲ್ಲಿ ದಾನ ಕೊಟ್ಟದ್ದು ಸಂಸ್ಥೆ, ಪಡೆದದ್ದು ಮನೆ ಖಾಲಿ ಮಾಡಿಸಿಕೊಂಡ ಗೃಹಸ್ಥರು. ಮಕ್ಕಳ ಅನ್ನಕ್ಕೆಂದು ಬಂದ ಹಣ ಲಾರಿಯ ಡೀಸೆಲ್ಲಿಗೆ ಹೋಯಿತು. ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿ ಹೇಳಿರುವ ಮಾತ್ಸರ್ಯವನ್ನು ಕೊಡುತ್ತಿದ್ದರೂ ಆದರವಿಲ್ಲದಿರುವುದೆಂದು ಹಿರಿಯರು ವಿವರಿಸಿದ್ದಾರೆ. ಕಾಲಾತಿಕ್ರಮವೆಂಬುದೂ ಅಲ್ಲಿದೆ. ಆ ವ್ರತ ಮುಖ್ಯವಾಗಿ ಆಹಾರದಾನಕ್ಕೆ ಸಂಬಂಧಿಸಿದ್ದಾದರೂ, ಚಳಿ ಕಳೆದ ಮೇಲೆ ಕಂಬಳಿಯನ್ನೂ ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕವನ್ನೂ ಕಳಿಸುವವರು ಅದನ್ನು ನೆನೆಯಬಹುದು.

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರಿಗೂ ತಿಳಿದದ್ದು. ಓಲೆ ಸಿದ್ಧಪಡಿಸಿದವರು, ಬರೆದ ಲಿಪಿಕಾರರು, ಹೊತ್ತು ಊರೂರಿಗೆ ಒಯ್ದವರು ಎಲ್ಲರಿಗೂ ಸಂಬಳ ಸಾರಿಗೆ ಸಂದಿರಲೇಬೇಕು. ಆ ವೆಚ್ಚವನ್ನು ಕಳೆದು ಅವಳ ಶಾಸ್ತ್ರದಾನವನ್ನು ಅಳೆದವರಿಲ್ಲ. ವಸ್ತುವನ್ನು ಪಾತ್ರದ ಕೈಗೆ ಮುಟ್ಟಿಸುವ ಖರ್ಚು ದಾನದ ಒಳಗಿನದೇ ಎಂಬುದು ನಮ್ಮ ಪರಂಪರೆಯ ಸಹಜ ಗ್ರಹಿಕೆ. ವಿಚಿತ್ರವೆಂದರೆ ಇದೇ ಗ್ರಹಿಕೆಯನ್ನು ಆಧರಿಸಿ ತೆರಿಗೆ ಕಾನೂನನ್ನು ತಿದ್ದಬೇಕೆಂದೂ ಕೇಳಬಹುದು: ಮಾನ್ಯತೆಯುಳ್ಳ ಸಂಸ್ಥೆ ಸಾಮಾನನ್ನು ಒಪ್ಪಿಕೊಂಡು, ಬಾಡಿಗೆಯು ಬ್ಯಾಂಕಿನ ಮೂಲಕ ಸಂದು, ಲಾರಿ ರಸೀದಿಯಲ್ಲಿ ಸರಕು ಪಡೆಯುವವರ ಹೆಸರು ಸಂಸ್ಥೆಯದೇ ಆಗಿದ್ದರೆ, ಒಂದು ಮಿತಿಯೊಳಗೆ ಅದನ್ನು ಸಂಸ್ಥೆಗೆ ಕೊಟ್ಟ ಹಣವೆಂದು ಎಣಿಸಲಿ. ಬೆಲೆ ಕಟ್ಟುವ ತೊಡಕು ಇದರಲ್ಲಿಲ್ಲ. ಸಮಾಜದ ಸಂಸ್ಥೆಗಳು ಮುಂಗಡಪತ್ರಕ್ಕೆ ಮುಂಚೆ ಹಣಕಾಸು ಮಂತ್ರಾಲಯಕ್ಕೆ ಕಳಿಸುವ ಮನವಿಗಳಲ್ಲಿ ಇದನ್ನೂ ಸೇರಿಸಲು ಅಡ್ಡಿಯೇನಿಲ್ಲ.

ಅಲ್ಲಿಯವರೆಗೆ ಟ್ರಸ್ಟುಗಳು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಸಾಕಷ್ಟಿದೆ. ಸಾಮಾನು ತರುವ ಕೆಲಸಕ್ಕೆಂದು ಸಾಗಾಣಿಕೆ ನಿಧಿಯೊಂದನ್ನು ಪ್ರತ್ಯೇಕ ಖಾತೆಯಾಗಿ ಇಡಬಹುದು. ಅದಕ್ಕೆ ಬಂದ ಹಣಕ್ಕೆ ಹಣದ ರಸೀದಿ, ಸಾಮಾನಿಗೆ ಬೆಲೆ ನಮೂದಿಸದ ಸಾಮಾನಿನ ಪಟ್ಟಿ, ಇವೆರಡೂ ಬೇರೆ ಬೇರೆ ಪುಸ್ತಕಗಳಲ್ಲಿರಲಿ. ಲಾರಿಯನ್ನು ಗೊತ್ತುಮಾಡುವವರೂ ಬಾಡಿಗೆ ಕೊಡುವವರೂ ಸಂಸ್ಥೆಯವರೇ ಆಗಿರಬೇಕು. ದಾನಿಯು ಮೊದಲೇ ತೆತ್ತ ಬಾಡಿಗೆಗೆ ಹಿಂದಿನ ತಾರೀಖು ಹಾಕಿ ನಿಧಿಗೆ ಬಂತೆಂದು ಬರೆಯುವುದಾದರೆ ಮತ್ತೆ ಅದೇ ಕೂಟಲೇಖ. ಮನೆಗೆ ಹೋದ ಪ್ರತಿನಿಧಿಗೆ ಬೇಡವೆನ್ನುವ ಅಧಿಕಾರವಿರಬೇಕು. ಹುಳು ಹಿಡಿದ ಮರ, ತಿಗಣೆ ಸೇರಿದ ಹಾಸಿಗೆ ಇವುಗಳನ್ನು ಮನೆಯಿಂದ ಮನೆಗೆ ಸಾಗಿಸುವುದರಲ್ಲಿ ಹಿಂಸೆಯೂ ಇದೆ. ಎತ್ತುವಾಗ ಇಡುವಾಗ ನೋಡಿ ನಡೆಯಬೇಕೆಂಬ ಆದಾನನಿಕ್ಷೇಪಣ ಸಮಿತಿ ಮುನಿಗಳಿಗೆ ವಿಧಿಸಿದ್ದಾದರೂ ಕಪಾಟಿನ ಹಿಂಬದಿಯ ಜೇಡರಬಲೆಯನ್ನು ಮೃದುವಾಗಿ ಬಿಡಿಸಿ ಹೊರಗಿಡುವುದು ಗೃಹಸ್ಥರಿಂದಲೂ ಆಗುವ ಕೆಲಸ. ಪ್ರತಿನಿಧಿ ಹೋಗುವ ಮೊದಲು ಮನೆಯವರೇ ಸಾಮಾನನ್ನು ಝಾಡಿಸಿ, ಒರೆಸಿ, ಕೀಲುಗಳನ್ನು ಸರಿಪಡಿಸಿ ಇಟ್ಟಿದ್ದರೆ ಟೆಂಪೋ ಒಂದೇ ಸಾರಿ ಬಂದು ಹೋದರೆ ಸಾಕಾಗುತ್ತದೆ.